ಟೇಪಿಲ್ಲದ ‘ಆತು’

ನಾಗವೇಣಿ, ಆ ಟೇಪು ಖಾಲಿ ಉಳಿದದ್ದು ನಿಮ್ಮ ತಪ್ಪಿನಿಂದಲ್ಲ, ನನ್ನದರಿಂದ. ನನಗದು ಗೊತ್ತಿತ್ತು — ಗೊತ್ತಿದ್ದೂ ಸುಮ್ಮನಿದ್ದೆ.

ತೊಂಬತ್ತರ ದಶಕದ ಕೊನೆ. ಹೊನ್ನಾವರದ ಆ ಗ್ರಂಥಾಲಯಕ್ಕೆ ಯುನಿಕ್ಸ್ ಕಂಪ್ಯೂಟರು ಬಂದಿತ್ತು. ಕುಮಟೆಯಿಂದ ಹೋಗಿ ಅದನ್ನು ನೋಡಿಕೊಳ್ಳುವ ಮಹಾಪಂಡಿತ ನಾನು. ಬೆಳಕೆಯಿಂದ ದಿನಾ ಬಸ್ಸಿನಲ್ಲಿ ಬಂದು ಪುಸ್ತಕಗಳ ವಿವರವನ್ನೆಲ್ಲ ಟೈಪು ಮಾಡುತ್ತಿದ್ದವರು ನೀವು. ಸಂಜೆ ಹೊರಡುವ ಮೊದಲು ಟೇಪು ಹಾಕಿ ನಾನು ಬರೆದ ಸ್ಕ್ರಿಪ್ಟನ್ನು, ಅಂದರೆ ಆಜ್ಞೆಗಳ ಪಟ್ಟಿಯನ್ನು, ಓಡಿಸಬೇಕು. ದಿನದ ಕೆಲಸದ ನಕಲು ಟೇಪಿಗೆ ಸರಿಯಾಗಿ ಹೋದರೆ ಪರದೆಯ ಮೇಲೆ ‘ಆತು’ — ಇಂಗ್ಲಿಷ್ ಅಕ್ಷರಗಳಲ್ಲಿ.

ಅಷ್ಟಕ್ಕೇ ಬಿಡಬೇಕಿತ್ತು. ಶೋಭೆ ಸಾಲದೆಂದು ನಡುವೆ ಒಂದು ಸಾಲು ಸೇರಿಸಿದೆ: ನಕಲಿನ ಕೆಲಸ ಮುಗಿದೊಡನೆ ಟಿಣ್ ಎಂದು ಗಂಟೆ. ಆಮೇಲೆ ಆ ಆಜ್ಞೆಗಳನ್ನು ನಡೆಸುವ ಶೆಲ್ಲನ್ನು ಕೇಳುವುದು — ಆತಾ? ಶೆಲ್ಲು ಕಟ್ಟಕಡೆಯ ಆಜ್ಞೆ ಏನಾಯಿತೆಂದು ಮಾತ್ರ ಹೇಳುವ ಪ್ರಾಣಿ. ಕಡೆಯದು ಗಂಟೆ. ಗಂಟೆ ಎಂದೂ ಸೋಲಲಿಲ್ಲ; ನಕಲು ಸೋತರೂ ‘ಆತು’ ಬರುತ್ತಿತ್ತು. ಪರದೆ ಕೊಳಕಾಗುತ್ತದೆಂದು ತಪ್ಪಿನ ಸಂದೇಶಗಳನ್ನು ಮೊದಲೇ ಅಡಗಿಸಿದ್ದೆ ಬೇರೆ.

ಡಿಸ್ಕು ಕೆಟ್ಟ ದಿನ ಟೇಪಿನಲ್ಲಿ ಏನೂ ಇರಲಿಲ್ಲ. ಅಷ್ಟೂ ಕಾಲದ ನಿಮ್ಮ ದುಡಿಮೆ —

“ಬಸ್ ತಪ್ತದೆ ಹೇಳಿ ಟೇಪ್ ಹಾಕ್ದೇ ಓಡಿದ್ಯಾ?” ಮೇಲ್ವಿಚಾರಕ ಶಾನಭಾಗರು ನಿಮ್ಮನ್ನು ಕೇಳಿದರು.

“ದಿನಾ ಹಾಕಿದ್ದೆ ಸರ್. ‘ಆತು’ ಹೇಳಿ ಬರ್ತಿತ್ತು. ಮತ್ತೆ ನಾ ಎಂತ ಮಾಡೂದು?”

ಅವರು ನನ್ನ ಕಡೆ ತಿರುಗಿದರು. “ಎಂತ ಮಾರಾಯ, ನಿನ್ನ ಮಶಿನು ಸುಳ್ಳು ಹೇಳ್ತದ್ಯಾ?”

“ಮಶಿನು ಸುಳ್ಳು ಹೇಳೂದಿಲ್ಲ ಸರ್,” ಎಂದೆ, ನ್ಯಾಯಾಧೀಶನ ಠೀವಿಯಲ್ಲಿ.

ನಾಳೆಯಿಂದ ನೀವು ಬರುವುದು ಬೇಡವೆಂದಾಯಿತು. ಹೋಗುವಾಗ ನನ್ನ ಮುಖ ನೋಡಿದಿರಿ.

ಮಶಿನು ಸುಳ್ಳು ಹೇಳುವುದಿಲ್ಲವೆಂದು ಆಗ ನಂಬಿಯೇ ಹೇಳಿದ್ದೆ. ಆದರೆ ಅದೇ ವಾರ, ಸಂಶಯ ಹತ್ತಿ, ಟೇಪನ್ನು ಹೊರಗಿಟ್ಟೇ ಸ್ಕ್ರಿಪ್ಟ್ ಓಡಿಸಿದೆ. ಟಿಣ್. ‘ಆತು.’ ಗಂಟೆಯ ಸಾಲನ್ನು ಕೆಳಗೆ ಸರಿಸಿ ಮತ್ತೆ ಓಡಿಸಿದೆ. ‘ಆತು’ ಬರಲಿಲ್ಲ. ಪಕ್ಕದ ಕೋಣೆಯಲ್ಲೇ ಶಾನಭಾಗರಿದ್ದರು. ಎದ್ದು ಹೋಗಿ ಒಂದು ಮಾತು ಹೇಳಿದ್ದರೆ — ಹೋಗಲಿಲ್ಲ. ಕುಮಟೆ ಬಸ್ಸಿಗೆ ಹೊತ್ತಾಗಿತ್ತು. ಬಸ್ಸಿಗೆ ಓಡಿದವನು ನಾನು.

ಮುಂದೆ ಎಷ್ಟೋ ವರ್ಷ ಇದನ್ನು ‘ಶೆಲ್ಲಿನ ದೋಷ’ ಎಂದು ಗೆಳೆಯರಿಗೆ ನಗುನಗುತ್ತ ಹೇಳಿದ್ದೇನೆ, ನಿಮ್ಮ ಹೆಸರು ಬಿಟ್ಟು. ಶೆಲ್ಲಿನದೇನೂ ದೋಷವಿಲ್ಲ. ಕೇಳಿದ್ದಕ್ಕೆ ಅದು ಸರಿಯಾಗಿಯೇ ಉತ್ತರ ಕೊಟ್ಟಿತ್ತು.

ಶಾನಭಾಗರು ನಿವೃತ್ತರಾದರೂ ದಿನಾ ಆ ಗ್ರಂಥಾಲಯಕ್ಕೇ ಪೇಪರು ಓದಲು ಬರುತ್ತಾರಂತೆ. ನಾಳೆ ಹೋಗಿ, ಓದುವವರೆಲ್ಲರ ಎದುರಿಗೆ ಅವರಿಗೆ ಹೇಳುತ್ತೇನೆ. ಅಲ್ಲಿಂದ ಬೆಳಕೆಗೆ. ನೀವು ಬಾಗಿಲು ತೆರೆಯಬೇಕೆಂದಿಲ್ಲ. ಅಂಗಳದಲ್ಲೇ ನಿಂತು ಹೇಳುತ್ತೇನೆ. ಹೇಳಿ ಮುಗಿಸಿದ ಮೇಲೆ ‘ಆತು’ ಎನ್ನುವುದು ಮಾತ್ರ — ಅದು ನನ್ನ ಬಾಯಿಂದ ಬರುವುದಿಲ್ಲ.