ಕೊನೆಯ ಒಂದು ಬೆರಳು
ನಂಜನಾಡಿನ ತರಕಾರಿ ವ್ಯಾಪಾರಿ ಗುರುಮಲ್ಲಪ್ಪನವರು ಟೇಪು ಮುಟ್ಟುವವರಲ್ಲ. ಆಲೂಗಡ್ಡೆ ಬಿತ್ತುವ ಆಳದಿಂದ ಅನ್ನಕ್ಕಿಡುವ ನೀರಿನವರೆಗೆ ಎಲ್ಲವೂ ಅವರಿಗೆ ಬೆರಳಿನ ಅಳತೆ. ಕಾರಿನ ಹಿಂದೆ ಕಟ್ಟಿಕೊಂಡು ಊರು ಸುತ್ತಲೆಂದು ಕೊಂಡ ಪುಟ್ಟ ಟ್ರೈಲರ್ ಮನೆ, ಶೆಡ್ಡಿನ ಬಾಗಿಲ ತೊಲೆಗಿಂತ ಆರು ಬೆರಳು ಎತ್ತರವೆಂದು ಗೊತ್ತಾದಾಗಲೂ ಅವರು ಹೆದರಲಿಲ್ಲ. “ಭಾರ ಹೇರುದ್ರೆ ಯಾವ ಗಾಡಿಯಾದ್ರೂ ತಲೆ ಬಗ್ಗುಸ್ತದೆ ಕಣಪ್ಪಾ” ಎನ್ನುತ್ತಾ ಚಕ್ರದ ಗಾಳಿ ಇಳಿಸಿ, ಒಳಗೆ ಎಂಟು ಮೂಟೆ ಆಲೂಗಡ್ಡೆ ಹೇರಿದರು. ಗಾಡಿ ಐದು ಬೆರಳು ತಗ್ಗಿತು. ಉಳಿದ ಒಂದು ಬೆರಳಿಗೆ ಹೆಂಡತಿ ಪ್ರೇಮಲತಾ ಹತ್ತಿ ಕೂರಬೇಕಾಯಿತು. ಊರೆಲ್ಲ ನಕ್ಕಿತು, ಆಕೆಯೂ ನಕ್ಕರು. ಪ್ರವಾಸ ಮುಗಿದಾಗಲೆಲ್ಲ ಇದೇ ಪೂಜೆ. ಆಕೆ ತೀರಿಕೊಂಡು ಈಗ ವರ್ಷವಾಯಿತು. ಮೊನ್ನೆ ಮಂಜು ಮುಸುಕಿದ ಮಧ್ಯಾಹ್ನ ಅವರು ಮಸಿನಗುಡಿಯಿಂದ ಒಬ್ಬರೇ ಟ್ರೈಲರ್ ಎಳೆದು ತಂದರು. ಪಕ್ಕದ ಮನೆಯವನಾದ ನಾನೇ ಚಕ್ರದ ಗಾಳಿ ಇಳಿಸಿ, ಎಂಟು ಮೂಟೆ ಹೇರಿ, ಉಳಿದ ಒಂದು ಬೆರಳಿಗೆಂದು ಒಂಬತ್ತನೆಯದಕ್ಕೆ ಕೈ ಹಾಕಿದೆ. “ಬ್ಯಾಡ ಕಣಪ್ಪಾ, ಸಾಕು” ಎಂದರು. ಟ್ರೈಲರ್ ತೊಲೆಗೆ ತಗುಲದೆ ಒಳಗೆ ನುಸುಳಿತು. ಆಮೇಲೆ ಅವರು ಅದರ ಬಾಗಿಲು ತೆರೆದು, ಕೆಳಗೆ ಮಣೆಯಿಟ್ಟು, “ಇಳಿ ಪ್ರೇಮಾ, ತಲೆ ಜ್ವಾಪಾನ” ಎಂದರು. ನನ್ನ ಕಣ್ಣೆದುರೇ ಗಾಡಿ ಒಂದು ಬೆರಳು ಮೇಲೆದ್ದಿತು.