ಅತ್ತೆಯ ದಾರಿಗೆ ಅಡ್ಡವಿಟ್ಟ ಕುರ್ಚಿ

ಮದುವೆಯಾಗಿ ನಾನು ಹರಿಹರದಿಂದ ದಾವಣಗೆರೆಗೆ ಬಂದಾಗ, ಅಪ್ಪ ಮಾಡಿಸಿಕೊಟ್ಟ ತೇಗದ ಸೋಫಾ, ಎರಡು ಕುರ್ಚಿ, ಒಂದು ದುಂಡು ಮೇಜು ಎತ್ತಿನ ಗಾಡಿಯಲ್ಲಿ ಹಿಂದೆಯೇ ಬಂದವು. ಅಲ್ಲಿನ ನಿಟ್ಟುವಳ್ಳಿಯ ಗಂಡನ ಮನೆಯ ಪಡಸಾಲೆಯಲ್ಲಿ ಮೊದಲೇ ಉದ್ದನೆಯ ಬೆಂಚು, ಮಂಚ, ಬಟ್ಟೆಯ ಪೆಟ್ಟಿಗೆ ಇದ್ದವು. ಗಾಡಿಯವರು ನಮ್ಮ ಸಾಮಾನನ್ನು ಕಿಟಕಿಯ ಕೆಳಗೆ ಒತ್ತಿಟ್ಟು ಹೋದರು. ಆರು ತಿಂಗಳು ಹಾಗೇ ಇದ್ದವು. ನೆಂಟರು ಸೋಫಾದ ಮೇಲೆ ಕೂರಬೇಕೆಂದರೆ ಮೇಜು ದಾಟಬೇಕಿತ್ತು.

ಒಂದು ಬೆಳಿಗ್ಗೆ ಗಂಡ ಗಿರಣಿಗೆ ಹೋದ ಮೇಲೆ, ಅತ್ತೆ ಹಿತ್ತಲ ಬಚ್ಚಲಲ್ಲಿದ್ದಾಗ, ಸೆರಗು ಬಿಗಿದು ಎಲ್ಲವನ್ನೂ ಬದಲಿಸಿಬಿಟ್ಟೆ. ಬೆಂಚು ಆಚೆ ಗೋಡೆಗೆ, ಮಂಚ ಮೂಲೆಗೆ, ಕುರ್ಚಿಗಳು ಸೋಫಾಕ್ಕೆ ಎದುರಾಗಿ, ನಡುವೆ ಮೇಜು. ನಾಲ್ಕು ಜನ ಆರಾಮಾಗಿ ಮಾತಾಡಬಹುದು ಎನಿಸಿತು. ಅಳುಕೂ ಇತ್ತು. ಅತ್ತೆಯ ಮಾತು ಚುರುಕು.

ಅವರು ಎಂದಿನಂತೆ ನೇರ ನಡೆದು ಬಂದವರು ಕುರ್ಚಿಗೆ ಮೊಣಕಾಲು ಬಡಿದು ನೆಲಕ್ಕೆ ಕುಸಿದರು. ಓಡಿಹೋಗಿ ಹಿಡಿದೆ. ಪೆಟ್ಟೇನೂ ಆಗಿರಲಿಲ್ಲ. ಬೈಗುಳಕ್ಕೆ ಕಾದೆ. ಅವರು ಗಾಳಿಯಲ್ಲಿ ಕೈಯಾಡಿಸುತ್ತ ಮೆಲ್ಲಗೆ ಕೇಳಿದರು:

“ಬೆಂಚು ಎಲ್ಲೈತವ್ವ?”

ಬೆಂಚು ಅವರ ಎದುರಿಗೇ ಇತ್ತು.

“ಅತ್ತೆ, ನಿಮಗೆ ಕಣ್ಣು ಕಾಣಲ್ಲೇನ್ರಿ?”

“ವರ್ಷದ ಮ್ಯಾಲಾತು. ಬೆಳಕು ಗೊತ್ತಾಗ್ತೈತೆ, ಅಷ್ಟೇ. ಈ ಮನ್ಯಾಗ ಯಾವುದು ಎಲ್ಲೈತೆ ಅಂತ ಕಾಲಿಗೆ ಗೊತ್ತಿತ್ತು. ನಿನ್ನ ಗಂಡಗ ಹೇಳಬ್ಯಾಡ. ಕುರುಡಿ ಅಂತ ಒಂದ್ ಕಡೆ ಕೂಡ್ರಿಸಿಬಿಡ್ತಾನ.”

ಅಕ್ಕಿ ಆರಿಸುವುದು, ಸೂಜಿಗೆ ದಾರ ಹಾಕುವುದು, ಎಲ್ಲ ನನಗೇ ಯಾಕೆ ಬರುತ್ತಿತ್ತೆಂದು ಆಗ ತಿಳಿಯಿತು. ನನ್ನನ್ನು ಸೋಮಾರಿ ಎಂದುಕೊಂಡಿದ್ದಾರೆಂದು ಒಳಗೊಳಗೇ ನೊಂದಿದ್ದೆ.

“ಮೊದಲಿನಂಗ ಇಟ್ಟುಬಿಡ್ತೀನ್ರಿ,” ಅಂದೆ.

“ಬ್ಯಾಡ. ಬಂದೋರು ಎಲ್ಲಿ ಕೂಡಬೇಕು? ನಾನು ನಡೀತೀನಿ, ಅಡ್ಡ ಬಂದದ್ದು ಸರಿಸು.”

ಹಿತ್ತಲ ಬಾಗಿಲಿಂದ ಬೀದಿ ಬಾಗಿಲವರೆಗೆ ಅವರು ಗೋಡೆ ಹಿಡಿದು ನಡೆದರು. ನಾನು ಮೇಜನ್ನು ಕಿಟಕಿಗೆ ಸರಿಸಿದೆ, ಕುರ್ಚಿಗಳನ್ನು ಸೋಫಾದ ಮಗ್ಗುಲಿಗೆ ತಂದೆ. ಬೆಂಚಿನ ಬೆನ್ನು ಅವರ ಕೈಗೆ ಸಿಗುವ ಹಾಗೆ ದಾರಿಯ ಬದಿಗೆ ಬಂತು. ಮೂರನೆಯ ಸುತ್ತಿಗೆ ಗೋಡೆ ಬಿಟ್ಟು ನಡೆದರು. ಬೆವರೊರೆಸಿಕೊಂಡು ಸೋಫಾದ ಮೇಲೆ ಮೊದಲ ಸಲ ಕೂತರು.

ಸಂಜೆ ಗಂಡ ಬಂದಾಗ ನಾನು ಬಾಯಿ ಬಿಡಲಿಲ್ಲ. ಗೋಡೆ ಬಿಟ್ಟು ನಡೆದ ಧೈರ್ಯಕ್ಕೋ ಏನೋ, ಅತ್ತೆಯೇ ಎಲ್ಲ ಹೇಳಿದರು. ಇವರು ಚಪ್ಪಲಿ ಬಿಡದೆ ನಿಂತೇ ಕೇಳಿದರು. “ಇಷ್ಟು ದಿನ ಒಬ್ಬಳೇ ನುಂಗಿಕೊಂಡಿದ್ಯಾ ಅವ್ವ?” ಎಂದವರು, ಮಾರನೆಯ ದಿನವೇ ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರು ದೀಪ ಹಿಡಿದು ನೋಡಿ, ಪೊರೆ ಬಂದಿದೆ, ತೆಗೆದರೆ ಕಾಣುತ್ತದೆ ಎಂದರು. ಅಲ್ಲೇ ನನಗೆ ಅಳು ಬಂದುಬಿಟ್ಟಿತು.

“ಕಣ್ಣು ನಂದು, ನೀ ಯಾಕ ಅಳ್ತಿ?” ಅಂದರು ಅತ್ತೆ.

ಆಪರೇಷನ್ ಆಗಿ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದ ದಿನ ಹೊಸ್ತಿಲಲ್ಲಿ ನನ್ನ ಕೈ ಬಿಡಿಸಿಕೊಂಡರು. ನಾನೂ ಇವರೂ ಹಿಂದೆಯೇ ನಿಂತು ನೋಡಿದೆವು. ಎಲ್ಲಿಯೂ ತಗಲದೆ ನಡೆದು ಹೋಗಿ, ಮಂಚದ ಮೇಲೆ ಕೂತು, “ಒಂದೀಟು ಚಾ ಕಾಸವ್ವ,” ಅಂದರು.