ಸೂಜಿ ಬೇಡವಾದವಳು

ನರ್ಸಿಂಗ್ ಓದಲು ಬಂದವರು ಸೂಜಿಗೆ ಹೆದರುವುದೆಂದರೆ ಈಜು ಕಲಿಯಲು ಬಂದವರು ನೀರಿಗೆ ಹೆದರಿದಂತೆ. ನಮ್ಮ ಕಾಲೇಜಿನಲ್ಲಿ ಅಂಥವರೇ ಹೆಚ್ಚಿದ್ದೆವು. ಆಸ್ಪತ್ರೆಯ ವಾರ್ಡಿಗೆ ಕಾಲಿಡಬೇಕಾದರೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಲೇಬೇಕು ಎಂಬುದು ನಿಯಮ. ಮೊದಲು ಎಲ್ಲರ ರಕ್ತ ತೆಗೆದರು. ಕೆಲವು ದಿನ ಬಿಟ್ಟು ಮೇಡಂ ನನ್ನನ್ನು ತರಗತಿಯಲ್ಲೇ ಎಬ್ಬಿಸಿ ನಿಲ್ಲಿಸಿ, "ನಿನಗ ಲಸಿಕಿ ಬ್ಯಾಡ, ವಿನಾಯಿತಿ ಐತಿ. ಡಾಕ್ಟರ್ ಕರದಾರ, ಹೋಗಿ ಬಾ" ಎಂದರು. ಇಡೀ ತರಗತಿ ಹೊಟ್ಟೆ ಉರಿದುಕೊಂಡಿತು. ನಾನಂತೂ ಲಾಟರಿ ಹೊಡೆದವಳಂತೆ ಎದೆ ಉಬ್ಬಿಸಿಕೊಂಡು ಹೊರಟೆ. ದಡ್ಡಿ!

ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. ರೋಗ ಆಗಲೇ ನನ್ನ ರಕ್ತದಲ್ಲಿತ್ತು, ಇನ್ನು ಲಸಿಕೆ ಹಾಕಿ ಪ್ರಯೋಜನವಿರಲಿಲ್ಲ. ಅಷ್ಟೇ ನನ್ನ ವಿನಾಯಿತಿ.

"ಗಾಬರಿ ಆಗಬ್ಯಾಡ. ಊಟಾ ನೀರಿನಿಂದ ಇದು ಹರಡೂದಿಲ್ಲ. ಆಗಾಗ ತಪಾಸ ಮಾಡಿಸ್ಕೊಂಡಿದ್ರ ಆತು" ಎಂದರು. "ಬಾಳ ಮಂದಿಗೆ ಹುಟ್ಟುವಾಗ ತಾಯಿಂದ ಬಂದಿರತೈತಿ. ನಿಮ್ಮವ್ವನ್ನ ಕರಕೊಂಡ ಬಾ. ಆಕಿ ಲಿವರ್ ಕೆಟ್ಟಿದ್ರ ತಡಾ ಮಾಡಬಾರದು."

ನಾನು ಹೆದರಿದ್ದು ಈ ಕೊನೆಯ ಮಾತಿಗೆ. ತಿಕೋಟಾದಲ್ಲಿ ನಮ್ಮದು ದೊಡ್ಡ ಸಂಸಾರ. ಚಿಕ್ಕಪ್ಪಂದಿರು, ಅವರ ಮಕ್ಕಳು, ಒಣದ್ರಾಕ್ಷಿ ಮಾಡುವ ಮನೂಕದ ಶೆಡ್ಡಿನ ಆಳುಗಳು, ಇಷ್ಟೂ ಮಂದಿಗೆ ಅವ್ವನೇ ರೊಟ್ಟಿ ಬಡಿಯಬೇಕು. ಗಂಡು ಹಡೆಯದವಳು ಎಂದು ಆಯಿ, ಅಂದರೆ ಅಪ್ಪನ ತಾಯಿ, ಅವ್ವನನ್ನು ಚುಚ್ಚದ ದಿನವಿಲ್ಲ. ಊಟಕ್ಕೆ ಕುಳಿತಾಗ ಮಾತ್ರ ಆ ಬಾಯಿ ಮುಚ್ಚುತ್ತಿತ್ತು. ಒಲೆಯ ಮುಂದಿನ ಜಾಗವೊಂದೇ ಆ ಮನೆಯಲ್ಲಿ ಅವ್ವನದು. ಸುದ್ದಿ ಆಯಿಯ ಕಿವಿಗೆ ಬಿದ್ದರೆ ಆ ಜಾಗ ಹೋಗುತ್ತದೆ, ಹೇಳದಿದ್ದರೆ ಅವ್ವನ ಜೀವವೇ ಹೋದೀತು. ಅತ್ತ ದರಿ, ಇತ್ತ ಪುಲಿ. ಏನಾದರೂ ನೆಪ ಹೇಳಿ ಅವ್ವನನ್ನು ನಾನು ಓದುವ ವಿಜಯಪುರಕ್ಕೆ ಕರೆಸಿ, ಯಾರಿಗೂ ತಿಳಿಯದಂತೆ ರಕ್ತ ತೋರಿಸಬೇಕೆಂದುಕೊಂಡೆ.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಾವು ನಾಲ್ವರು ಹುಡುಗಿಯರು ಒಂದು ಖೋಲಿ ಹಿಡಿದಿದ್ದೆವು. ಓದುವ ಮಕ್ಕಳಿಗೆ ಊರಿನಿಂದ ಬಸ್ಸಿನಲ್ಲಿ ಬುತ್ತಿ ಬರುವುದು ನಮ್ಮ ಕಡೆಯ ರೂಢಿ. ಅವ್ವ ಬೆಳಗಿನ ಬಸ್ಸಿಗೆ ಕೊಟ್ಟ ಗಂಟು ಡ್ರೈವರನ ಪಕ್ಕದಲ್ಲಿ ಕುಳಿತು ಬರುತ್ತಿತ್ತು. ಒಬ್ಬಳಿಗೆಂದು ಕಟ್ಟುವ ಜಾಯಮಾನ ಅವಳದಲ್ಲ, ನಾಲ್ವರಿಗೂ ಆಗುವಷ್ಟು ಕಟ್ಟುತ್ತಿದ್ದಳು. ಬಬಲೇಶ್ವರದ ಗೆಳತಿಯಂತೂ ಶೇಂಗಾ ಹಿಂಡಿಯ ಪುಡಿಚಟ್ನಿ ಬಾಯಿಗಿಟ್ಟಾಗಲೆಲ್ಲ, "ನಿಮ್ಮವ್ವನ ಕೈಗೆ ಬಂಗಾರದ ಬಳಿ ಹಾಕಬೇಕ ನೋಡ" ಎನ್ನುತ್ತಿದ್ದಳು.

ತರಗತಿಗೆ ಮೊದಲಿಗಳೂ ಅವಳೇ. ಲಸಿಕೆ ಬೇಡವೆಂದರೆ ಮೊದಲೇ ಹಾಕಿಸಿಕೊಂಡಿರಬೇಕು, ಇಲ್ಲವೇ ರೋಗವೇ ಇರಬೇಕು ಎಂಬುದು ಅವಳಿಗೆ ಬಾಯಿಪಾಠ. "ಸಣ್ಣಾಕಿದ್ದಾಗ ಹಾಕಿಸಿದ್ರೇನು ನಿನಗ?" ಎಂದು ಕೇಳಿದಳು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಅಂದು ಬುತ್ತಿ ಬಿಚ್ಚಿದರೆ ಒಬ್ಬಳಿಗೆ ತಲೆನೋವು, ಇನ್ನೊಬ್ಬಳಿಗೆ ಉಪವಾಸ. ಬಬಲೇಶ್ವರದವಳು ಮಾತ್ರ ನೆಪ ಹೂಡಲಿಲ್ಲ.

"ತಪ್ಪ ತಿಳ್ಕೋಬ್ಯಾಡ. ನಮ್ಮದೂ ಜೀವಾನ ಅಲ್ಲ?"

"ಊಟದಿಂದ ಹರಡೂದಿಲ್ಲಂತ ಮೊನ್ನಿ ಪರೀಕ್ಷಾದಾಗ ನೀನ ಬರದೀಯಲ್ಲ?"

"ಅದು ಪರೀಕ್ಷಾದಾಗ" ಎಂದು ಹಾಸಿಗೆಯನ್ನು ಆಚೆ ಗೋಡೆಗೆ ಎಳೆದುಕೊಂಡಳು.

ಲಸಿಕೆ ಹಾಕಿಸಿಕೊಂಡು ಬಂದ ಮೇಲಾದರೂ ಇವರಿಗೆ ಧೈರ್ಯ ಬರಬೇಕಲ್ಲ, ಅದೂ ಇಲ್ಲ. ಕೊಡೆ ಹಿಡಿದುಕೊಂಡು ಮಳೆಗೆ ಬೈಯುವ ಜನ. ನಾಳೆ ಇವರೇ ಬಿಳಿ ಬಟ್ಟೆ ತೊಟ್ಟು ರೋಗಿಗಳಿಗೆ ಧೈರ್ಯ ಹೇಳುತ್ತಾರೆ. ಆ ರೋಗಿಗಳನ್ನು ದೇವರೇ ಕಾಯಬೇಕು.

ಕಡಿಮೆ ಕಟ್ಟು ಎಂದರೆ ಅವ್ವ ಯಾಕೆ ಎಂದು ಕೇಳುತ್ತಾಳೆ. ಹಾಗಾಗಿ ನಾಲ್ವರ ರೊಟ್ಟಿ ದಿನವೂ ಬರುತ್ತಲೇ ಇತ್ತು. ನಾನು ಉಂಡು ಉಳಿದದ್ದನ್ನು ಗುಡಿಯ ಹತ್ತಿರ ನಿಲ್ಲುವ ಆಕಳುಗಳಿಗೆ ಹಾಕುತ್ತಿದ್ದೆ.

"ಹುಡಿಗ್ಯಾರು ಉಂಡ್ರೇನ ಬೇ? ಹಿಂಡಿ ಖಾರ ಆಗಿತ್ತೇನು?" ಎಂದು ಅವ್ವ ಫೋನಿನಲ್ಲಿ ಕೇಳುವಳು.

"ಬೆರಳ ಚೀಪಿದ್ರು ನೋಡ ಬೇ" ಎನ್ನುತ್ತಿದ್ದೆ. ಆಕಳಿಗೆ ಬೆರಳಿಲ್ಲ ಎಂಬುದು ಬೇರೆ ಮಾತು.

ಬಬಲೇಶ್ವರದವಳ ಅಕ್ಕನನ್ನು ಕೊಟ್ಟದ್ದು ತಿಕೋಟಾಕ್ಕೆ, ನಮ್ಮ ಮನೆಯ ಹಿಂದಿನ ಓಣಿಗೇ. ಅದು ನನಗೆ ಗೊತ್ತಿತ್ತು, ಆದರೆ ಅವಳ ನಾಲಿಗೆ ಅಷ್ಟು ದೂರ ಚಾಚೀತೆಂದು ಎಣಿಸಿರಲಿಲ್ಲ. ಅವ್ವನನ್ನು ಕರೆಸಲು ನೆಪ ಹುಡುಕುತ್ತಿರುವಾಗಲೇ ಒಂದು ದಿನ ಬುತ್ತಿ ಬಿಚ್ಚಿದರೆ ರೊಟ್ಟಿ ದಪ್ಪ, ಅಂಚೆಲ್ಲ ಹಸಿ. ಅದು ಅವ್ವನ ಕೈಯ ರೊಟ್ಟಿಯಲ್ಲ. ಕಾಲೇಜು ಬಿಟ್ಟು ಅಂದೇ ಬಸ್ಸು ಹತ್ತಿದೆ.

ಒಲೆಯ ಮುಂದೆ ಚಿಕ್ಕಪ್ಪನ ಹೆಂಡತಿ ಚಿಗವ್ವ ಕುಳಿತಿದ್ದಳು. ಅವ್ವ ಪಡಸಾಲೆಯ ಮೂಲೆಯಲ್ಲಿ ಮನೂಕದ ತೊಟ್ಟು ಬಿಡಿಸುತ್ತಿದ್ದಳು. ಮಾರುವ ಮನೂಕಕ್ಕೆ ಅವಳ ಕೈ ನಡೆಯುತ್ತಿತ್ತು, ತಾವು ತಿನ್ನುವ ರೊಟ್ಟಿಗೆ ಮಾತ್ರ ನಡೆಯುತ್ತಿರಲಿಲ್ಲ.

"ಬಾರವಾ, ಶಾಣ್ಯಾಕಿ" ಎಂದಳು ಆಯಿ. "ನಿನ್ನ ರೋಗ ತಾಯಿಂದ ಬಂದದ್ದಂತ. ನಿಮ್ಮವ್ವ ಇಷ್ಟ ವರ್ಷ ನಮಗೆಲ್ಲಾ ವಿಷಾ ಉಣಿಸ್ಯಾಳ, ಗೊತ್ತಾತೇನು?"

"ವಿಷಾ ಉಣಿಸಿದ್ರ ನೀ ಇಷ್ಟೊತ್ತಿಗೆ ಗ್ವಾಡಿ ಮ್ಯಾಲಿನ ಫೋಟೋ ಆಗಿರತಿದ್ದಿ ಆಯಿ. ರೊಟ್ಟಿಯಿಂದ ಬರೂ ರೋಗಲ್ಲ ಅದು. ಅವ್ವಗ ಐತೋ ಇಲ್ಲೋ, ಅದೂ ಯಾರೂ ನೋಡಿಲ್ಲ."

ಅಪ್ಪ ಕೆಮ್ಮಿದ. ನಮ್ಮ ಮನೆಯಲ್ಲಿ ಅಪ್ಪನ ಅಭಿಪ್ರಾಯವೆಂದರೆ ಅಷ್ಟೇ.

ಅವ್ವ ಕೈಯ ಕೆಲಸ ನಿಲ್ಲಿಸಲಿಲ್ಲ. "ಓಣಿಗೆಲ್ಲಾ ಗೊತ್ತಾದ ಮ್ಯಾಲ ನನಗ ಗೊತ್ತಾತು. ಚಿಗವ್ವನ ಕೈಯಾಗ ರೊಟ್ಟಿ ಬೇಡಿ ತಿನ್ನಾಕತ್ತೇನಿ ಯವ್ವಾ" ಎಂದಳು. ನನಗೆ ಆ ಮನೆಗೆ ಬೆಂಕಿ ಇಡಬೇಕೆನ್ನಿಸಿತು.

ಮರುದಿನವೇ ಅವಳನ್ನು ಕರೆದುಕೊಂಡು ಬಂದು ರಕ್ತ ಕೊಡಿಸಿದೆ. ಅವ್ವನಿಗೆ ಏನೂ ಇರಲಿಲ್ಲ. ನಾನು ಚಿಕ್ಕವಳಿದ್ದಾಗ ಬೈಕಿನ ಮೇಲೆ ಓಣಿಗೆ ಬಂದು, ಒಂದೇ ಸೂಜಿಯಲ್ಲಿ ಎಲ್ಲರ ಜ್ವರ ಇಳಿಸುತ್ತಿದ್ದ ಒಬ್ಬನಿದ್ದ. ನನಗೆ ರೋಗ ಬಹುಶಃ ಅವನಿಂದ ಬಂದಿರಬೇಕು ಎಂದರು ಡಾಕ್ಟರು. ನನಗೆ ಅದ್ಯಾವುದೂ ಬೇಕಿರಲಿಲ್ಲ, ಅವ್ವ ಉಳಿದಳಲ್ಲ ಎಂದು ಅತ್ತುಬಿಟ್ಟೆ. ಮಗಳೊಂದಿಗೆ ಇರುವವಳು ಎಂದು ಅವ್ವನಿಗೂ ಅಲ್ಲೇ ಲಸಿಕೆ ಹಾಕಿದರು. "ಇನ್ನ ನೀವು ಇಬ್ಬರೂ ಒಂದ ತಾಟಿನಾಗ ಉಣ್ರಿ, ಏನೂ ಆಗೂದಿಲ್ಲ" ಎಂದು ಡಾಕ್ಟರು ಬಿಡಿಸಿ ಹೇಳಿದರು. ಅವ್ವ ತಲೆಯಾಡಿಸಿದಳು. ತಿಕೋಟಾ ಬರುವವರೆಗೂ ಬಸ್ಸಿನಲ್ಲಿ ರಿಪೋರ್ಟನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಿದ್ದಳು.

ಆಯಿ ಚಿಕ್ಕಪ್ಪನಿಂದ ರಿಪೋರ್ಟು ಓದಿಸಿದಳು, ನಂಬದೆ ಮತ್ತೊಮ್ಮೆ ಓದಿಸಿದಳು. "ಹೋಗ, ಒಲಿ ಮುಂದ ಕುಂದರು. ಆ ದಪ್ಪ ರೊಟ್ಟಿ ತಿಂದು ನನ್ನ ಹಲ್ಲ ಬಿದ್ದು ಹೊಂಟಾವ" ಎಂದಳು. ಕ್ಷಮೆ ಕೇಳುವ ರೀತಿ ಅವಳಿಗೆ ಅದೊಂದೇ ಗೊತ್ತು. ಅವ್ವ ಕೈಕಾಲು ತೊಳೆದು, ಸೆರಗು ಸಿಗಿಸಿ ಒಲೆಯ ಮುಂದೆ ಕುಳಿತಳು. ರೊಟ್ಟಿ ಬಡಿಯುವ ಸಪ್ಪಳ ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು.

ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತೆವು. ಅವ್ವ ಒಬ್ಬೊಬ್ಬರ ಮುಂದೆ ಸ್ಟೀಲಿನ ತಾಟು ಇಡುತ್ತ ಬಂದಳು. ನನ್ನ ಮುಂದೆ, ಯಾವುದೋ ಲಗ್ನದಲ್ಲಿ ಉಳಿದಿದ್ದ ಕಾಗದದ ಪತ್ರೋಳಿ ಇಟ್ಟಳು. ಆಯಿ ಹೇಳಿರಲಿಲ್ಲ, ಚಿಗವ್ವ ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡದೆ ರೊಟ್ಟಿಯನ್ನು ಮೇಲಿನಿಂದ ಬಿಟ್ಟಳು.

"ಉಂಡ ಮ್ಯಾಲ ಅದನ್ನ ಹಿತ್ತಲಾಗ ನೀನ ಒಗದ ಬಾ ಯವ್ವಾ" ಎಂದಳು, ಎಲ್ಲರಿಗೂ ಕೇಳುವಂತೆ.

"ಈಗ ಬುದ್ಧಿ ಬಂತ ನೋಡ್ರಿ ಇಕಿಗೆ" ಎಂದು ಆಯಿ ಅವ್ವನ ಕೈಯಿಂದ ಎರಡನೆಯ ರೊಟ್ಟಿ ಇಸಿದುಕೊಂಡಳು.